ಕಜ್ಬೇಗಿಗೆ ಹೊಲಿದ ಎರಡು ಕೋಟು

ಬರ್ ದುಬೈ
2 ಮಾರ್ಚ್ 2017

ಚಿ. ದೀಪ್ತಿಗೆ ಜಲಜಾಕ್ಷಿಯ ಆಶೀರ್ವಾದಗಳು.

ನಾವು ಕ್ಷೇಮ. ನಿನ್ನ ಮಾವನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ, ನಾಲಿಗೆ ಹತೋಟಿಯಲ್ಲಿಲ್ಲ. ಕದ್ದು ಹಲ್ವ ತಿನ್ನುತ್ತಾರೆ.

ನೀನು ಪ್ರಾಪ್ತಿಯನ್ನು ಕರೆದುಕೊಂಡು ಹೋಗಿ ಒಂದೂವರೆ ವರ್ಷ ಆಯಿತು. ಏರ್‌ಪೋರ್ಟಿನಲ್ಲಿ ನಾನು ಹೇಳಿದ ಮಾತು ನಿನಗೆ ನೆನಪಿರಬಹುದು. ಮನೆಯ ಹಿರಿಯರನ್ನು ಕೇಳದೆ ಹೊರಟವಳೊಂದಿಗೆ ಫೋನಿನಲ್ಲಿ ಮಾತಾಡುವುದಿಲ್ಲ ಎಂದಿದ್ದೆ. ಆ ಮಾತು ಹಾಗೆಯೇ ಇದೆ. ಕಾಗದ ಬರೆಯುವುದಿಲ್ಲ ಎಂದು ಹೇಳಿರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಸುಶಾಂತ ತೀರಿಕೊಂಡ ಮೇಲೆ ನೀನು ಒಂದೂವರೆ ವರ್ಷ ನಮ್ಮ ಮನೆಯಲ್ಲಿದ್ದೆ. ಯಾರೂ ನಿನ್ನನ್ನು ಹೋಗು ಎನ್ನಲಿಲ್ಲ. ಹೋಟೆಲಿನವರು ಜಾರ್ಜಿಯಾಕ್ಕೆ ವರ್ಗ ಮಾಡಿದರು, ಒಳ್ಳೆಯ ಹುದ್ದೆ ಕೊಟ್ಟರು ಎಂದು ಹೋದೆ. ಕೆಲಸ ಮಾಡುವ ಹೆಂಗಸನ್ನು ನಾನು ತಡೆಯುವವಳಲ್ಲ. ನಾನೂ ಹೊಲಿಗೆ ಮೆಷಿನು ತುಳಿದೇ ಮಗನನ್ನು ಓದಿಸಿದವಳು. ಆದರೆ ನನ್ನ ಮಗನ ಒಬ್ಬಳೇ ಮಗಳನ್ನು ಹಿಮದ ಬೆಟ್ಟದ ಬುಡದಲ್ಲಿ, ಗುರುತು ಪರಿಚಯ ಇಲ್ಲದ ಭಾಷೆಯ ಶಾಲೆಗೆ ಹಾಕಿದ್ದನ್ನು ನಾನು ಒಪ್ಪಲಿಲ್ಲ. ಈಗಲೂ ಒಪ್ಪಿಲ್ಲ.

ಇಲ್ಲಿಯ ರೆಸಿಡೆನ್ಸ್ ವೀಸಾ ಇದ್ದವರಿಗೆ ಅಲ್ಲಿಗೆ ಬೇರೆ ವೀಸಾ ಬೇಡವಂತೆ. ನನ್ನ ಅಂಗಡಿಗೆ ಬರುವ ಹೆಂಗಸರು ಅರ್ಧಕ್ಕರ್ಧ ಹೋಗಿ ಬಂದು ಫೋಟೋ ತೋರಿಸುತ್ತಿದ್ದಾರೆ. ಆದ್ದರಿಂದ ಈದ್ ರಜೆಯಲ್ಲಿ ನಾವಿಬ್ಬರೂ ಬರುತ್ತೇವೆ. ನಿಮ್ಮ ಹೋಟೆಲಿನ ಪಕ್ಕದ ನ್ಯಾಷನಲ್ ಪಾರ್ಕು ನೋಡುತ್ತೇವೆ. ಹಿಂದಿರುಗುವಾಗ ಪ್ರಾಪ್ತಿ ನಮ್ಮ ಜೊತೆ ಬರುತ್ತಾಳೆ. ಇಲ್ಲಿ ಶಾಲೆಯಲ್ಲಿ ಮಾತಾಡಿದ್ದೇನೆ. ಸೆಪ್ಟೆಂಬರಿನಲ್ಲಿ ನಾಲ್ಕನೇ ಕ್ಲಾಸಿಗೆ ಸೇರಿಸಿಕೊಳ್ಳುತ್ತಾರೆ. ರಜೆಯಲ್ಲಿ ನಿನ್ನ ಹತ್ತಿರ ಬರಲಿ, ಬೇಡ ಎನ್ನುವುದಿಲ್ಲ.

ಸಮವಸ್ತ್ರ ನಾನೇ ಹೊಲಿಯುತ್ತೇನೆ. ಅವಳ ಅಳತೆ ಕಳಿಸು.

ಇತಿ,
ಜಲಜಾಕ್ಷಿ


ಕಜ್ಬೇಗಿ, ಜಾರ್ಜಿಯಾ
24 ಮಾರ್ಚ್ 2017

ಪೂಜ್ಯ ಮಾಮಿಗೆ ದೀಪ್ತಿಯ ನಮಸ್ಕಾರಗಳು.

ನಿಮ್ಮ ಕಾಗದ ಹದಿನೆಂಟು ದಿನಕ್ಕೆ ಬಂತು. ಕವರಿನ ಮೇಲೆ ನಿಮ್ಮ ಅಕ್ಷರ ನೋಡಿ ರಿಸೆಪ್ಷನ್ನಿನಲ್ಲಿ ನಿಂತೇ ಓದಿದೆ. ರೂಮು ಕೇಳಲು ಬಂದವರು ಅಷ್ಟು ಹೊತ್ತು ಕಾಯಬೇಕಾಯಿತು.

ನೀವು ಬರುತ್ತೀರಿ ಎಂದು ಹೇಳಿದಾಗಿನಿಂದ ಪ್ರಾಪ್ತಿ ನೆಲದ ಮೇಲೆ ಇಲ್ಲ. "ಅಜ್ಜಿಗೆ ಗ್ಲೇಸಿಯರ್ ತೋರಿಸ್ತೇನೆ, ಅಜ್ಜಿಗೆ ವಾಟರ್‌ಫಾಲ್ ತೋರಿಸ್ತೇನೆ" ಎಂದು ಒಂದು ಪಟ್ಟಿಯನ್ನೇ ಮಾಡಿದ್ದಾಳೆ. ನಮ್ಮ ಕಿಟಕಿಯ ಎದುರಿಗೇ ದೊಡ್ಡ ಬೆಟ್ಟ. ಅದರ ಹೆಗಲ ಮೇಲಿಂದ ಗೆರ್ಗೇತಿ ಎಂಬ ಹಿಮನದಿ ಇಳಿದಿದೆ. ಅಲ್ಲಿಯವರೆಗೆ ನಡೆಯಲು ಇಡೀ ದಿನ ಬೇಕು, ನಿಮಗೆ ಬೇಡ. ಗ್ವೆಲೇತಿ ಜಲಪಾತಕ್ಕೆ ಮುಕ್ಕಾಲು ಗಂಟೆಯ ಕಾಲುದಾರಿ, ಅದು ಆಗಬಹುದು. ಈಗ ಅರ್ಧ ಗಡ್ಡೆ ಕಟ್ಟಿ ನಿಂತಿದೆ. ಜೂನ್ ಹೊತ್ತಿಗೆ ಕರಗಿ ಜೋರಾಗಿ ಬೀಳುತ್ತದೆ. ಸುತ್ತ ಗುಡ್ಡವೆಲ್ಲ ಹಸಿರಾಗಿರುತ್ತದೆ.

ದಯವಿಟ್ಟು ಚಪ್ಪಲಿಯಲ್ಲಿ ಬರಬೇಡಿ. ಹಿಡಿತ ಇರುವ ಶೂ ಬೇಕು. ಬೆಳಿಗ್ಗೆ ಸಂಜೆ ಚಳಿ ಇರುತ್ತದೆ.

ಪ್ರಾಪ್ತಿ ಶಾಲೆಯಲ್ಲಿ ಎಲ್ಲರ ಜೊತೆ ಹೊಂದಿಕೊಂಡಿದ್ದಾಳೆ. ಆ ಭಾಷೆ ನನಗಿಂತ ಅವಳಿಗೇ ಚೆನ್ನಾಗಿ ಬರುತ್ತದೆ. ಮನೆಯಲ್ಲಿ ತುಳು ಮಾತಾಡಿಸುತ್ತೇನೆ. ನಮ್ಮ ಹೋಟೆಲಿನ ಕಿಚನಿನಲ್ಲಿ ಮೂಡುಬಿದಿರೆಯ ಡ್ಯಾರಲ್ ಎನ್ನುವವರಿದ್ದಾರೆ. ರಜೆಯ ದಿನ ಅವಳನ್ನು ಬೆಟ್ಟಕ್ಕೆ ನಡೆಸಿಕೊಂಡು ಹೋಗುವುದು ಅವರೇ. ಅವರ ಮನೆಮಾತು ಕೊಂಕಣಿ, ಆದರೂ ತುಳು ಚೆನ್ನಾಗಿ ಬರುತ್ತದೆ.

ಶಾಲೆಯ ವಿಷಯ ನೀವು ಬಂದ ಮೇಲೆ ಕೂತು ಮಾತಾಡುವ.

ಮಾವನಿಗೆ ನಮಸ್ಕಾರ.

ನಿಮ್ಮ ಸೊಸೆ,
ದೀಪ್ತಿ


ಬರ್ ದುಬೈ
13 ಏಪ್ರಿಲ್ 2017

ಚಿ. ದೀಪ್ತಿಗೆ ಆಶೀರ್ವಾದಗಳು.

ನಿನ್ನ ಕಾಗದ ಪೋಸ್ಟ್ ಬಾಕ್ಸಿನಲ್ಲಿ ಐದು ದಿನ ಬಿದ್ದಿತ್ತಂತೆ. ನಿನ್ನ ಮಾವ ಗುರುವಾರ ಮಾತ್ರ ಅದರ ಬೀಗ ತೆಗೆಯುವುದು. ಬೇರೆ ದಿನ ತೆಗೆದರೆ ಅಂಚೆ ಇಲಾಖೆ ಬೇಸರ ಮಾಡಿಕೊಳ್ಳುತ್ತದೆ ಎಂದು ತಿಳಿದಿದ್ದಾರೋ ಏನೋ.

ಕೂತು ಮಾತಾಡುವ ಎಂದು ಬರೆದಿದ್ದೀ. ಸಂತೋಷ. ಬೇಡ ಎನ್ನದೆ ಇದ್ದದ್ದು ಒಪ್ಪಿದ ಹಾಗೆಯೇ ಎಂದು ತಿಳಿದು ಶಾಲೆಯವರಿಗೆ ಹೌದು ಎಂದು ಹೇಳಿದ್ದೇನೆ. ಅಳತೆ ಮಾತ್ರ ಕಳಿಸಲು ಮರೆತಿದ್ದೀ.

ಶೂ ವಿಷಯ ಬರೆದೆ. ನಲವತ್ತು ವರ್ಷ ಮೆಷಿನು ತುಳಿದ ಕಾಲು ಇದು, ಹಿಡಿತ ಏನೆಂದು ಅದಕ್ಕೆ ಗೊತ್ತಿದೆ. ಆದರೂ ನಿನ್ನ ಮಾವ ಕರಾಮಾ ಮಾರ್ಕೆಟಿನಿಂದ ಒಂದು ಜೊತೆ ತಂದಿದ್ದಾರೆ. ನೇರಳೆ ಬಣ್ಣ. ಈ ವಯಸ್ಸಿಗೆ ಇದೆಂಥದು ಎಂದರೆ, "ದೂರದಿಂದ ಕಾಣ್ಲಿ ಅಂತ. ಬೆಟ್ಟದಲ್ಲಿ ನೀನು ಕಳೆದುಹೋದ್ರೆ ನಾನು ಹುಡುಕುದು ಹೇಗೆ?" ಎನ್ನುತ್ತಾರೆ. ಅದನ್ನೇ ಹಾಕಿಕೊಂಡು ಬೆಳಿಗ್ಗೆ ಐದೂವರೆಗೆ ಕ್ರೀಕಿನ ಬದಿಯಲ್ಲಿ ನಡೆಯುತ್ತಿದ್ದೇನೆ. ಅಬ್ರಾ ದೋಣಿಗಳು ನಿಲ್ಲುವಲ್ಲಿಂದ ದೇವಸ್ಥಾನದ ಓಣಿಯವರೆಗೆ, ಮತ್ತೆ ಹಿಂದಕ್ಕೆ. ಮನೆಗೆ ಬಂದು ಲಿಫ್ಟು ಬಿಟ್ಟು ನಾಲ್ಕು ಮಹಡಿ ಹತ್ತುತ್ತೇನೆ. ನಿನ್ನ ಮಾವ ಲಿಫ್ಟಿನಲ್ಲಿ ಹೋಗಿ ಮೇಲೆ ಬಾಗಿಲು ತೆಗೆದು ನಿಂತಿರುತ್ತಾರೆ. "ಯಲ್ಲಾ, ಬಾ ಬಾ ಜಲಜಾ, ಇನ್ನು ಎಂಟು ಮೆಟ್ಟಿಲು! ನೀನು ಬರ್ತಿ ಅಂತ ಗೊತ್ತಾದ್ರೆ ಆ ಹಿಮದ ಗುಡ್ಡೆಯೇ ಎದ್ದು ನಿಲ್ತದೆ, ಗುಡ್ ಮಾರ್ನಿಂಗ್ ಮೇಡಂ ಅಂತ" ಎಂದು ಕೂಗುತ್ತಾರೆ. ಪಕ್ಕದ ಮನೆಯ ರುಖಿಯಾ ಬಾಗಿಲು ತೆರೆದು ನಗುತ್ತಾಳೆ.

ಹಿಮನದಿ ಎಂಬುದನ್ನು ಹೈಸ್ಕೂಲಿನ ಭೂಗೋಳದಲ್ಲಿ ಓದಿದ್ದೆ. ಮೇಷ್ಟ್ರು ಬೋರ್ಡಿನ ಮೇಲೆ ಬಿಳಿ ಚಾಕಿನಲ್ಲಿ ಬರೆದು, ಇದು ಹರಿಯುತ್ತದೆ, ಆದರೆ ಹರಿಯುವುದು ಕಾಣುವುದಿಲ್ಲ ಎಂದಿದ್ದರು. ನಾನು ನಂಬಿರಲಿಲ್ಲ.

ಆ ಅಡುಗೆಯವನು ಮಗುವನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗುವುದು ಏಕೆ? ಅವನಿಗೆ ಮನೆ ಮಠ ಇಲ್ಲವೇ?

ಸಮವಸ್ತ್ರದ ಜೊತೆ ಚಳಿಗೆಂದು ಎರಡು ಉಣ್ಣೆಯ ಕೋಟು ಹೊಲಿಯುತ್ತೇನೆ, ಅವಳಿಗೊಂದು, ನಿನಗೊಂದು. ಹತ್ತಿರದ ಅಂಗಡಿಯಲ್ಲಿ ಒಳ್ಳೆಯ ಬಟ್ಟೆ ಬಂದಿದೆ. ಇಬ್ಬರ ಅಳತೆಯನ್ನೂ ಕಳಿಸು. ಟೇಪು ಬಿಗಿಯಬೇಡ, ಉಸಿರು ಹಿಡಿಯಬೇಡ. ಉದ್ದ ತೆಗೆಯುವಾಗ ಮುಂದೆ ಬೇರೆ, ಹಿಂದೆ ಬೇರೆ ತೆಗೆ.

ಇತಿ,
ಜಲಜಾಕ್ಷಿ


ಕಜ್ಬೇಗಿ
6 ಮೇ 2017

ಪೂಜ್ಯ ಮಾಮಿಗೆ ನಮಸ್ಕಾರಗಳು.

ಅಳತೆಯ ಚೀಟಿ ಇದರೊಂದಿಗೆ ಇದೆ. ನೀವು ಹೇಳಿದ ಹಾಗೆಯೇ ತೆಗೆದಿದ್ದೇನೆ. ಪ್ರಾಪ್ತಿಯದು ಮೊದಲು, ನನ್ನದು ಕೆಳಗೆ.

ಸೀಜನ್ ಶುರುವಾಗಿದೆ, ಬಿಡುವಿಲ್ಲ. ಹೆಚ್ಚು ಬರೆಯಲಾಗಲಿಲ್ಲ. ಕ್ಷಮಿಸಿ.

ದೀಪ್ತಿ


ಬರ್ ದುಬೈ
28 ಮೇ 2017

ಚಿ. ದೀಪ್ತಿಗೆ ಆಶೀರ್ವಾದಗಳು.

ಚೀಟಿ ಸಿಕ್ಕಿತು. ನಿನ್ನೆಯಿಂದ ಉಪವಾಸ ಶುರುವಾಯಿತು. ಹಗಲು ಅಂಗಡಿಯಲ್ಲಿ ಜನವಿಲ್ಲ, ಸಂಜೆಯಾದರೆ ನಿಲ್ಲಲು ಜಾಗವಿಲ್ಲ. ಎಲ್ಲರಿಗೂ ಹಬ್ಬದ ಬಟ್ಟೆ ಹಬ್ಬದ ಮುಂಚಿನ ದಿನವೇ ಬೇಕು.

ಪ್ರಾಪ್ತಿಯ ಅಳತೆ ನೋಡಿ ಆಶ್ಚರ್ಯವಾಯಿತು. ನಾನು ಮನಸ್ಸಿನಲ್ಲಿ ಇಟ್ಟುಕೊಂಡದ್ದಕ್ಕಿಂತ ಮೂರು ಇಂಚು ಉದ್ದ. ಕಣ್ಣಳತೆಯಲ್ಲೇ ಕತ್ತರಿಸುವವಳು ಎಂದು ನನಗೆ ಹೆಸರಿದೆ. ಎದುರಿಗಿಲ್ಲದ ಮಗುವಿನ ಮುಂದೆ ಆ ಹೆಸರು ನಡೆಯಲಿಲ್ಲ.

ನಿನ್ನ ಅಳತೆಯನ್ನೂ ನೋಡಿದೆ. ಅಂಗಡಿಯ ಪುಸ್ತಕದಲ್ಲಿ ನಿನ್ನ ಮದುವೆಯ ರವಿಕೆಯದೂ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಮುಂದಿನ ಉದ್ದಕ್ಕೂ ಹಿಂದಿನ ಉದ್ದಕ್ಕೂ ಎರಡೂವರೆ ಇಂಚು ವ್ಯತ್ಯಾಸ ಇದೆ. ತಪ್ಪಾಗಿ ತೆಗೆದೆಯೋ ಎಂದು ಕೇಳುವುದಿಲ್ಲ.

ಕೋಟು ಆಗಿದೆ. ಸೊಂಟದಲ್ಲಿ ಹೊಲಿಗೆಯ ಒಳಗೆ ಧಾರಾಳ ಬಟ್ಟೆ ಬಿಟ್ಟಿದ್ದೇನೆ. ಗುಂಡಿಗೆ ಎರಡು ಸಾಲು ಕಾಜ ಮಾಡಿದ್ದೇನೆ. ಸಡಿಲ ಬೇಕಾದಾಗ ಹೊರಗಿನದು.

ಮೀನು ಸಿಗುತ್ತದೆಯೇ ಅಲ್ಲಿ? ಹಾಲು ಕುಡಿ. ಹೋಟೆಲಿನಲ್ಲಿ ಬಹಳ ಹೊತ್ತು ನಿಂತುಕೊಂಡಿರಬೇಡ.

ಹಬ್ಬದ ದಿನ ಮಧ್ಯಾಹ್ನ ಅಲ್ಲಿಗೆ ಮುಟ್ಟುತ್ತೇವೆ.

ಜಲಜಾಕ್ಷಿ


ಕಜ್ಬೇಗಿ
3 ಜುಲೈ 2017

ಪೂಜ್ಯ ಮಾಮಿಗೆ ದೀಪ್ತಿ ಮಾಡುವ ನಮಸ್ಕಾರಗಳು.

ನೀವು ಹೊರಟು ಹೋಗಿ ಮೂರು ದಿನ ಆಯಿತು. ಮೂರು ದಿನವೂ ಈ ಕಾಗದ ಶುರು ಮಾಡಿ ಹರಿದು ಹಾಕಿದ್ದೇನೆ.

ಐದು ದಿನ ಇಲ್ಲಿದ್ದಿರಿ. ನನ್ನ ಹೊಟ್ಟೆ ಕಣ್ಣಿಗೆ ಕಾಣುವಷ್ಟಿತ್ತು. ನೀವು ಕೇಳಲಿಲ್ಲ. ಡ್ಯಾರಲ್ ಬಂದು ಕೈ ಮುಗಿದರೆ, "ನಿನ್ನೆಯ ಸಾರಿಗೆ ಉಪ್ಪು ಸಾಕಾಗಲಿಲ್ಲ" ಎಂದಿರಿ. ಅಷ್ಟೇ. ಅವರು ಕಿಚನಿಗೆ ಹೋಗಿ ತಲೆ ಮೇಲೆ ಕೈ ಇಟ್ಟು ಕೂತಿದ್ದರು. "ದೀಪ್ತಿ, ಎಕ್ಸಿಕ್ಯೂಟಿವ್ ಶೆಫ್ ಕೂಡ ಹೀಗೆ ನನ್ನ ನೋಡ್ಲಿಲ್ಲ ಮಾರಾಯ್ತಿ" ಎಂದರು. ಪ್ರಾಪ್ತಿಯ ಶಾಲೆಯ ಮಾತನ್ನೂ ನೀವು ಎತ್ತಲಿಲ್ಲ. ನಾನು ಪ್ರತಿ ರಾತ್ರಿ ಉತ್ತರ ತಯಾರು ಮಾಡಿ ಬೆಳಿಗ್ಗೆ ನಿಮ್ಮ ಮುಖ ನೋಡುತ್ತಿದ್ದೆ. ಗ್ವೆಲೇತಿಗೆ ನೀವು ಅವಳೊಬ್ಬಳನ್ನೇ ಕರೆದುಕೊಂಡು ಹೊರಟಾಗ, ದಾರಿಯಲ್ಲಿ ಅವಳ ಮನಸ್ಸು ತಿರುಗಿಸುತ್ತೀರಿ ಎಂದು ಹೆದರಿದೆ. ನಿಮ್ಮ ಬಗ್ಗೆ ಹಾಗೆ ಎಣಿಸಿದ್ದಕ್ಕೆ ನಾಚಿಕೆಯಾಗುತ್ತದೆ, ಆದರೆ ಎಣಿಸಿದ್ದು ನಿಜ.

ವ್ಯಾನು ಹತ್ತುವಾಗ ನೀವು ಒಮ್ಮೆಯೂ ತಿರುಗಿ ನೋಡಲಿಲ್ಲ. ಅದರ ಅರ್ಥ ನನಗೆ ತಿಳಿಯಿತು. ನನ್ನನ್ನು ಮನೆಯ ಲೆಕ್ಕದಿಂದ ತೆಗೆದಿದ್ದೀರಿ.

ಆದ್ದರಿಂದ ಈಗ ಎಲ್ಲ ಬರೆಯುತ್ತೇನೆ. ಡ್ಯಾರಲ್ ಮತ್ತು ನಾನು ಕಳೆದ ನವೆಂಬರಿನಲ್ಲಿ ರಿಜಿಸ್ಟರ್ ಮದುವೆಯಾದೆವು. ನಮ್ಮಲ್ಲಿ ಮತ್ತೆ ಮದುವೆಯಾಗುವುದು ತಪ್ಪಲ್ಲ ಎಂದು ನನಗೆ ಗೊತ್ತು. ನಿಮ್ಮನ್ನು ಕೇಳದೆ ಆದದ್ದು ತಪ್ಪು. ಕೇಳಿದರೆ ನೀವು ಬೇಡ ಎನ್ನುತ್ತೀರಿ, ಬೇಡ ಎಂದರೆ ನನಗೆ ಧೈರ್ಯ ಸಾಲುವುದಿಲ್ಲ ಎಂದು ಕೇಳಲಿಲ್ಲ. ನಿಮ್ಮ ಕಾಗದಗಳಿಗೆ ಉತ್ತರ ಬರೆಯುವಾಗಲೂ ಬಾಯಿ ಬರಲಿಲ್ಲ. ಅಳತೆ ಕೇಳಿದಾಗ ಹಳೆಯ ಅಳತೆಯನ್ನೇ ಬರೆದು ಕಳಿಸಬಹುದಿತ್ತು. ನಿಮಗೆ ಸುಳ್ಳು ಅಳತೆ ಕೊಡಲು ಮಾತ್ರ ಕೈ ಬರಲಿಲ್ಲ. ನೀವು ಓದಿಕೊಳ್ಳುತ್ತೀರಿ ಎಂದು ಗೊತ್ತಿತ್ತು.

ಪ್ರಾಪ್ತಿಯನ್ನು ಕಳಿಸುವುದಿಲ್ಲ ಮಾಮಿ. ನಮ್ಮ ಅಳಿಯಕಟ್ಟಿನಲ್ಲಿ ಮಗು ತಾಯಿಯ ಕಡೆಗೆ ಸೇರಿದ್ದು ಎಂದು ಅವಳ ತೊಟ್ಟಿಲ ದಿನ ನೀವೇ ಎಲ್ಲರ ಎದುರು ಹೇಳಿದ್ದಿರಿ. ಆ ಮಾತನ್ನು ನಿಮ್ಮ ಮೇಲೆಯೇ ತಿರುಗಿಸಬೇಕಾಗಿ ಬಂತು. ಸಿಟ್ಟು ಮಾಡಿ. ನನ್ನ ಮೇಲೆ ಮಾಡಿ, ಅವಳ ಮೇಲೆ ಬೇಡ. ಅವಳಿಗೆ ಕಾಗದ ಬರೆಯುವುದನ್ನು ನಿಲ್ಲಿಸಬೇಡಿ.

ಹೆರಿಗೆ ಅಕ್ಟೋಬರ್ ಮೊದಲ ವಾರ. ಡ್ಯಾರಲ್ ಅವರ ತಾಯಿ ರೋಸಿಬಾಯಿ ಮೂಡುಬಿದಿರೆಯಿಂದ ಬರುತ್ತೇನೆ ಎಂದಿದ್ದಾರೆ. ಆದ್ದರಿಂದ ನೀವು ಚಿಂತಿಸಬೇಕಾಗಿಲ್ಲ.

ದೀಪ್ತಿ


ಬರ್ ದುಬೈ
27 ಜುಲೈ 2017

ಚಿ. ಸೌ. ದೀಪ್ತಿಗೆ ಜಲಜಾಕ್ಷಿಯ ಆಶೀರ್ವಾದಗಳು.

ವ್ಯಾನು ಹತ್ತುವಾಗ ತಿರುಗಿ ನೋಡಲಿಲ್ಲ ಎಂದು ಎರಡು ಪುಟ ಬರೆದಿದ್ದೀ. ನನ್ನ ಎಡಗಾಲಿನ ಮಂಡಿ ಮೂರು ವರ್ಷದಿಂದ ಸರಿಯಿಲ್ಲ. ಗ್ವೆಲೇತಿಯಿಂದ ಇಳಿದ ಮೇಲೆ ಅದು ಮಡಚುತ್ತಲೇ ಇರಲಿಲ್ಲ. ತಿರುಗಿದ್ದರೆ ಅಲ್ಲೇ ಬೀಳುತ್ತಿದ್ದೆ, ನಿನ್ನ ಹೋಟೆಲಿನವರೆಲ್ಲ ಓಡಿ ಬರುತ್ತಿದ್ದರು. ಅದಕ್ಕಾಗಿ ನೋಡಲಿಲ್ಲ. ಮಂಡಿಯ ವಿಷಯ ಯಾರಿಗೂ ಹೇಳಿಲ್ಲ, ನೀನೂ ಹೇಳಬೇಡ. ನಿನ್ನ ಮಾವನಿಗೆ ಗೊತ್ತಿದೆ, ಗೊತ್ತಿಲ್ಲದವರ ಹಾಗೆ ಇರುತ್ತಾರೆ. ಆ ಬಣ್ಣದ ಶೂ ತಂದದ್ದೂ ಅದಕ್ಕೇ ಇರಬೇಕು, ಒಳಗೆ ಮೆತ್ತಗಿತ್ತು.

ಅಳತೆ ನೋಡಿದ ದಿನವೇ ನನಗೆ ಎಲ್ಲ ತಿಳಿಯಿತು. ಹೊಟ್ಟೆಯಲ್ಲಿರುವ ಮಗು ಎಷ್ಟು ತಿಂಗಳಿನದು ಎಂಬುದನ್ನು ಡಾಕ್ಟರಿಗಿಂತ ಮೊದಲು ಹೇಳುವವಳು ದರ್ಜಿ. ಆ ಸಂಜೆ ಊಟ ಮಾಡಲಿಲ್ಲ. ನನ್ನ ಮಗನ ಜಾಗದಲ್ಲಿ ಇನ್ನೊಬ್ಬ ಎಂದು ನೋವಾಯಿತು, ಇಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ಮರುದಿನ ಹೊಲಿಯಲು ಕೂತೆ. ಬಟ್ಟೆ ತಂದು ಆಗಿತ್ತು, ಹಾಳು ಮಾಡಲು ಮನಸ್ಸು ಬರಲಿಲ್ಲ. ಅಷ್ಟೇ ಎಂದು ಆಗ ಎಣಿಸಿದ್ದೆ.

ಅಲ್ಲಿಗೆ ಬಂದದ್ದು ಪ್ರಾಪ್ತಿಯನ್ನು ಕರೆತರಲು. ಇನ್ನೊಬ್ಬನ ಮನೆಯಲ್ಲಿ ನನ್ನ ಮಗನ ಮಗಳು ಬೇಡ ಎಂಬ ಹಟ ಇನ್ನೂ ಗಟ್ಟಿಯಾಗಿತ್ತು. ಗ್ವೆಲೇತಿಗೆ ಅವಳೊಬ್ಬಳನ್ನೇ ಕರೆದುಕೊಂಡು ಹೊರಟದ್ದು ನೀನು ಎಣಿಸಿದ ಕಾರಣಕ್ಕೇ. ನಿನಗೆ ನಾಚಿಕೆ ಬೇಡ.

ದಾರಿ ಶುರುವಾದ ಕೂಡಲೇ ನಾನು ಮಾತು ತೆಗೆಯಬೇಕೆಂದಿದ್ದೆ. ಮಾತಾಡಲು ಉಸಿರು ಬೇಕಲ್ಲ. ಅವಳು ಮುಂದೆ, ನಾನು ಹಿಂದೆ. ಕಲ್ಲು ಅಲುಗುವಲ್ಲಿ ಮೊದಲು ತಾನು ತುಳಿದು ನೋಡಿ, "ಅಜ್ಜಿ, ಡೋಂಟ್ ಲುಕ್ ಡೌನ್. ನನ್ನ ಕಾಲು ಮಾತ್ರ ನೋಡಿ" ಎನ್ನುತ್ತಿದ್ದಳು. ಒಂದು ಕಡೆ ದಾರಿಗೆ ಅಡ್ಡ ನೀರು ಹರಿಯುತ್ತಿತ್ತು. ಐಸಿನ ಹಾಗೆ ತಣ್ಣಗೆ. ದಾಟಲು ಮರದ ದಿಮ್ಮಿ ಮಾತ್ರ. ನಾನು ನಿಂತುಬಿಟ್ಟೆ. ಅವಳು ಆಚೆ ಹೋಗಿ ತಿರುಗಿ ಬಂದು ಕೈ ಕೊಟ್ಟು ಹೇಳಿದಳು, "ಹೆದರಿಕೆ ಆದ್ರೆ ಹೇಳಿ ಅಜ್ಜಿ, ಹೇಳಿದ್ರೆ ಏನೂ ಆಗುದಿಲ್ಲ." ನನ್ನ ಅರವತ್ತಾರು ವರ್ಷದಲ್ಲಿ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಹೌದು, ಹೆದರಿಕೆ ಆಗುತ್ತದೆ ಎಂದೆ. ಅವಳು ನಗಲಿಲ್ಲ. ದಾಟಿಸಿದಳು.

ಜಲಪಾತದ ಎದುರು ಒಂದು ಬಂಡೆಯ ಮೇಲೆ ಕೂತೆವು. ನೀರು ಬೀಳುವ ಶಬ್ದಕ್ಕೆ ಮಾತು ಕೇಳಿಸದು. ಹನಿ ಮುಖಕ್ಕೆ ಹಾರುತ್ತಿತ್ತು. ಅಷ್ಟು ನೀರು ಯಾರಿಗೂ ಬೇಡವಾಗಿ ಕಲ್ಲಿನ ಮೇಲೆ ಬೀಳುವುದನ್ನು ಇಲ್ಲಿ ಮೊದಲೆಲ್ಲ ನೀರಿನ ಟ್ಯಾಂಕರಿಗೆ ಕಾದ ನಾನು ಬಾಯಿಬಿಟ್ಟು ನೋಡಿದೆ. ಆಗ ಅವಳ ಪ್ಯಾಂಟು ಕಣ್ಣಿಗೆ ಬಿತ್ತು. ಬಲ ಮಂಡಿಯಲ್ಲಿ ಹರಿದು ಯಾರೋ ಹೊಲಿದಿದ್ದರು. ಅಂಥ ಕೆಟ್ಟ ಹೊಲಿಗೆಯನ್ನು ನಾನು ಕಂಡಿಲ್ಲ. ದಪ್ಪ ಬಿಳಿ ದಾರ, ಒಂದೊಂದು ಹೊಲಿಗೆ ಅರ್ಧ ಇಂಚು, ಕೊನೆಗೆ ಐದು ಗಂಟು. ಇದು ಯಾರ ಕೈ ಎಂದು ಕೇಳಿದೆ.

"ಡ್ಯಾರಲ್ ಅಂಕಲ್. ಗ್ಲೇಸಿಯರಿಗೆ ಹೋದಾಗ ಬಿದ್ದೆ ಅಲ್ವಾ. ಮಮ್ಮಿಗೆ ನೈಟ್ ಡ್ಯೂಟಿ ಇತ್ತು. ಬೆಳಿಗ್ಗೆ ಸ್ಕೂಲಿಗೆ ಇದೇ ಬೇಕಿತ್ತು ನನಗೆ."

"ಇದೆಂಥ ದಾರ?"

"ಚಿಕನ್ ಕಟ್ತಾರಲ್ಲ, ಓವನಿಗೆ ಹಾಕುವ ಮೊದ್ಲು, ಆ ದಾರ. ಎರಡು ಸಲ ಬಿಚ್ಚಿ ಎರಡು ಸಲ ಹೊಲಿದ್ರು ಅಜ್ಜಿ. ಅವರ ಕೈಗೆ ಸೂಜಿ ಚುಚ್ಚಿ ಚುಚ್ಚಿ, ಬ್ಯಾಡ್ ವರ್ಡ್ಸ್ ಎಲ್ಲ ಹೇಳಿದ್ರು, ಕೊಂಕಣಿಯಲ್ಲಿ."

ಉಗುರು ಹಾಕಿ ಎಳೆದು ನೋಡಿದೆ. ಅಲುಗಲಿಲ್ಲ.

ಕಾಳಜಿ ಇದೆ ಎಂದು ಬಾಯಲ್ಲಿ ಹೇಳುವವರನ್ನು ಬಹಳ ಕಂಡಿದ್ದೇನೆ. ಹೊಲಿಯಲು ಬಾರದ ಗಂಡಸು ಇನ್ನೊಬ್ಬನ ಮಗಳಿಗಾಗಿ ಕೂತು, ತಪ್ಪಿತೆಂದು ಬಿಚ್ಚಿ, ಮತ್ತೆ ಹೊಲಿದಿದ್ದಾನೆ. ನನ್ನ ಅಂಗಡಿಯಲ್ಲಿ ಕೂಲಿ ಪಡೆಯುವವರೂ ಎರಡನೇ ಸಲ ಬಿಚ್ಚುವುದಿಲ್ಲ. ಅದರ ಮೇಲೆ ನಾನು ಶಾಲೆಯ ಮಾತು ತೆಗೆಯಲಿಲ್ಲ. ಹೋಟೆಲಿಗೆ ಬಂದ ಮೇಲೆ ನಿನ್ನೊಡನೆ ಮಾತಾಡಬೇಕಿತ್ತು. ತಪ್ಪನ್ನು ಒಪ್ಪಿಕೊಳ್ಳುವ ಅಭ್ಯಾಸ ನನಗಿಲ್ಲ, ಎರಡು ದಿನದಲ್ಲಿ ಬರಲಿಲ್ಲ. ಸಾರಿಗೆ ಉಪ್ಪು ಸಾಕಾಗಲಿಲ್ಲ ಎಂದದ್ದು ನಿಜವೇ, ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಶಾಲೆಯ ಸೀಟು ಬಿಟ್ಟೆ. ಮಗು ನಿನ್ನದು. ತೊಟ್ಟಿಲ ದಿನ ಹೇಳಿದ ಮಾತು ನನ್ನದೇ, ಅದನ್ನು ನೀನು ಸರಿಯಾದ ಜಾಗದಲ್ಲಿ ಎತ್ತಿದೆ. ನನ್ನನ್ನು ಕೇಳದೆ ಮದುವೆಯಾದ ಸಿಟ್ಟು ಇದೆ. ಅದು ಬೇರೆ. ಅದು ಇರುತ್ತದೆ. ಆ ಹಿಮನದಿಯ ಹಾಗೆ ಇಳಿಯುವುದು ಯಾರಿಗೂ ಕಾಣಬೇಕಾಗಿಲ್ಲ.

ಈಗ ಒಂದು ವಿಷಯ. ಹೆರಿಗೆಗೆ ರೋಸಿಬಾಯಿ ಬರುತ್ತಾರೆ, ಚಿಂತಿಸಬೇಡಿ ಎಂದು ಬರೆದಿದ್ದೀ. ಅವರು ಒಳ್ಳೆಯವರೇ ಇರಬಹುದು. ಆದರೆ ಅವರು ಗಂಡನ ತಾಯಿ. ಬಾಣಂತನ ಗಂಡನ ತಾಯಿ ಮಾಡುವುದಲ್ಲ, ಹೆಣ್ಣಿನ ತಾಯಿ ಮಾಡುವುದು. ನಿನ್ನ ಹೆತ್ತ ತಾಯಿ ನಿನ್ನ ಕಾಲೇಜಿನ ದಿನಗಳಲ್ಲೇ ಹೋದರು. ಪ್ರಾಪ್ತಿ ಹುಟ್ಟಿದಾಗ ಬಾಣಂತನ ಮಾಡಿದ ನಿನ್ನ ಚಿಕ್ಕಮ್ಮನೂ ಈಗಿಲ್ಲ.

ರೋಸಿಬಾಯಿಯವರಿಗೆ ನಾನು ಕೇಳಿದೆ ಎಂದು ಹೇಳು. ಮಗುವಿನ ತೊಟ್ಟಿಲಿಗೆ ಅವರು ಅಗತ್ಯ ಬರಬೇಕು. ಅದರ ಮುಂಚಿನ ಕೆಲಸಕ್ಕೆ ಹೆಣ್ಣಿನ ಕಡೆಯಿಂದ ಜನ ಇದ್ದಾರೆ. ಸೆಪ್ಟೆಂಬರ್ ಇಪ್ಪತ್ತೆರಡರ ವಿಮಾನಕ್ಕೆ ಬರುತ್ತೇನೆ, ಹೆರಿಗೆಯಾಗಿ ನಲವತ್ತು ದಿನ ಇರುತ್ತೇನೆ.

ಇತಿ,
ಜಲಜಾಕ್ಷಿ